ತಾಈ ಹೊಲದ ಎಡಭಾಗ

ಯಾರಾದರೂ ಹೊಸ ವಿಷಯ ಹೇಳಿದರೆ ಆಕೆ ಮೊದಲು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: “ನೋಡಿದ್ದೋ, ಕೇಳಿದ್ದೋ?” ಕೇಳಿದ್ದು ಎಂದರೆ ಅಲ್ಲಿಗೆ ಮುಗಿಯಿತು. ತಲೆಗೆ ಹೊದ್ದ ಓಢಣಿಯ ಅಂಚನ್ನು ಬಾಯಿಗೆ ಅಡ್ಡ ಹಿಡಿದು, ಸಣ್ಣಗೆ ನಕ್ಕು, ತನ್ನ ಕೆಲಸಕ್ಕೆ ತಿರುಗುತ್ತಿದ್ದಳು. ನೋಡಿದ್ದು ಎಂದರೆ ಮಾತ್ರ ಕಳೆ ಕೀಳುವ ಖುರ್ಪಿಯನ್ನು ಬದುವಿನ ಮೇಲಿಟ್ಟು, ಕುಕ್ಕರಗಾಲಿನಲ್ಲಿ ಕೂತು, “ಎಲ್ಲಿ? ಯಾರ ಹೊಲದಲ್ಲಿ? ಯಾವ ಮಣ್ಣು?” ಎಂದು ಒಂದೊಂದಾಗಿ ಕೇಳುತ್ತಿದ್ದಳು. ನಮ್ಮ ಕೃಷಿ ಸಂಶೋಧನಾ ಸಂಸ್ಥೆಯ ಸೆಮಿನಾರುಗಳಲ್ಲಿ ಹಾಗೆ ಕೇಳುವವರನ್ನು ನಾನು ಹೆಚ್ಚು ಕಂಡಿಲ್ಲ.

ಆಕೆಯ ಬಗ್ಗೆ ಬರೆಯಬೇಕೆಂದು ಎಷ್ಟೋ ಸಲ ಕೂತಿದ್ದೇನೆ. ಎರಡು ಪುಟ ಹೊಗಳಿ ಬರೆದು ಹರಿದುಹಾಕಿದ್ದೇನೆ. ಹೊಗಳುವುದು ಸುಲಭ. ಹೊಗಳಿ ಮುಗಿಸಿದರೆ ನಾನು ತಪ್ಪಿಸಿಕೊಂಡ ಹಾಗೆ. ಈ ಸಲ ನಡೆದದ್ದನ್ನೆಲ್ಲ ಬರೆಯುತ್ತೇನೆ.

ಎಪ್ಪತ್ತರ ದಶಕದ ನಡುವಿನ ಮಾತು. ನಾನು ದೆಹಲಿಯಲ್ಲಿ ಬೇಸಾಯ ಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿದ್ದೆ. ಊರು ಮಂಡ್ಯದ ಕಡೆ. ನಾಲೆಯ ತೂಬು ಎತ್ತಿದರೆ ಗದ್ದೆ ತುಂಬಿ ಹರಿಯುವ ಸೀಮೆಯಿಂದ ಬಂದವನಿಗೆ ನೀರನ್ನು ಅಳೆದು ಕೊಡುವ ಕೆಲಸ ಸಿಕ್ಕಿತ್ತು. ಅರಬ್ ದೇಶಗಳ ಎಣ್ಣೆಯ ಬೆಲೆ ಏರಿ, ಪೆಟ್ರೋಲ್ ಬಂಕುಗಳ ಮುಂದೆ ರೈತರು ಡಬ್ಬ ಹಿಡಿದು ಡೀಸೆಲ್‌ಗೆ ಸಾಲು ನಿಲ್ಲುತ್ತಿದ್ದ ದಿನಗಳು. ಯೂರಿಯಾ ಕೂಡ ಸರಿಯಾಗಿ ಸಿಗುತ್ತಿರಲಿಲ್ಲ. ಗೋಧಿಗೆ ಐದಾರು ಸಲ ನೀರು ಹಾಯಿಸುತ್ತಿದ್ದವರು ಮೂರು ಸಲಕ್ಕೂ ತಿಣುಕುತ್ತಿದ್ದರು. ನನ್ನ ಗೈಡ್ ಹೇಳುತ್ತಿದ್ದುದು ಇಷ್ಟೇ: ಎಷ್ಟು ಸಲ ನೀರು ಕೊಟ್ಟೆವು ಎನ್ನುವುದಕ್ಕಿಂತ ಯಾವಾಗ ಕೊಟ್ಟೆವು ಎನ್ನುವುದು ಮುಖ್ಯ. ಬಿತ್ತಿದ ಮೂರು ವಾರಕ್ಕೆ ಗೋಧಿಯ ಪೈರು ಬುಡದಿಂದ ಹೊಸ ಬೇರು ಬಿಡುತ್ತದೆ. ಆಗ ಒಂದು ನೀರು, ಹೂವಾಡುವಾಗ ಇನ್ನೊಂದು. ಈ ಎರಡನ್ನೂ ತಪ್ಪಿಸದಿದ್ದರೆ ಹೊಟ್ಟೆ ತುಂಬುವಷ್ಟು ಬೆಳೆ ಬರುತ್ತದೆ. ಇದನ್ನು ಸಂಸ್ಥೆಯ ತಾಕುಗಳಲ್ಲಿ ತೋರಿಸಿಯಾಗಿತ್ತು. ರೈತರ ಹೊಲದಲ್ಲಿ ತೋರಿಸಬೇಕಾಗಿತ್ತು. ಆ ಹೊಲ ಹುಡುಕಿಕೊಂಡು ನಾನು ಫರೀದಾಬಾದಿನ ಆಚೆಗಿನ ಒಂದು ಹಳ್ಳಿಗೆ ಹೋದೆ.

ಆ ಹಳ್ಳಿಯಲ್ಲಿ ಎಲ್ಲರೂ ಆಕೆಯನ್ನು “ತಾಈ” ಎನ್ನುತ್ತಿದ್ದರು. ಅವರ ಭಾಷೆಯಲ್ಲಿ ಅದು ದೊಡ್ಡಪ್ಪನ ಹೆಂಡತಿ, ನಮ್ಮ ದೊಡ್ಡಮ್ಮ ಇದ್ದ ಹಾಗೆ. ಮೊದಲ ದಿನ ನನಗೆ ಅದು ಗೊತ್ತಿರಲಿಲ್ಲ. ಇಡೀ ಊರೇ ಈ ಹೆಂಗಸನ್ನು ಕನ್ನಡದಲ್ಲಿ ತಾಯಿ ಅನ್ನುತ್ತಿದೆಯಲ್ಲಾ ಎಂದು ಬೆರಗಾಗಿ ನಾನೂ ಹಾಗೆಯೇ ಕರೆದೆ. ಆಮೇಲೆ ಅರ್ಥ ತಿಳಿದು ಹೇಳಿದಾಗ ಆಕೆ ಬಿದ್ದು ಬಿದ್ದು ನಕ್ಕಳು. “ಅಚ್ಛಾ! ನಿಮ್ಮ ಮಾತಿನಲ್ಲಿ ನಾನು ನಿನ್ನ ಅಮ್ಮನಾ? ಹಾಗಾದರೆ ಚಪ್ಪಲಿ ಬಿಟ್ಟು ಹೊಲಕ್ಕೆ ಇಳಿ.” ಅಂದಿನಿಂದ ನಾನು ಅವಳ ಹೊಲದಲ್ಲಿ ಚಪ್ಪಲಿ ಹಾಕಲಿಲ್ಲ. ತಾಯಿಯನ್ನು ಏಕವಚನದಲ್ಲಿ ಮಾತಾಡಿಸುವ ಸೀಮೆ ನನ್ನದು. ಇಲ್ಲಿಯೂ ಹಾಗೆಯೇ ಬರೆಯುತ್ತಿದ್ದೇನೆ.

ಆಗ ಅವಳಿಗೆ ಐವತ್ತೈದು ದಾಟಿರಬೇಕು. ಗಂಡ ತೀರಿಕೊಂಡು ತುಂಬ ವರ್ಷಗಳಾಗಿದ್ದವು. ಅವನ ದಪ್ಪ ಚರ್ಮದ ಜೋಡು ಅವಳ ಕಾಲಿಗೆ ದೊಡ್ಡದಾಗುತ್ತಿತ್ತು, ಹಳೇ ಬಟ್ಟೆ ತುರುಕಿ ಹಾಕಿಕೊಳ್ಳುತ್ತಿದ್ದಳು. ಹೊಲದ ಅಂಚಿಗೆ ಬಂದ ಕೂಡಲೇ ಅದನ್ನು ಕಳಚಿ ಬರಿಗಾಲಲ್ಲಿ ಇಳಿಯುವಳು. ನೀರು ಎಲ್ಲಿಯವರೆಗೆ ಇಳಿದಿದೆ ಎಂದು ಹಿಮ್ಮಡಿಯಿಂದ ಹೇಳುತ್ತಿದ್ದಳು. ನಾನು ಮಣ್ಣಿನ ಮಾದರಿ ತೆಗೆದು, ಡಬ್ಬಿಗೆ ತುಂಬಿ, ಸಂಸ್ಥೆಯ ಒಲೆಯಲ್ಲಿ ಒಣಗಿಸಿ, ತೂಗಿ, ಮೂರು ದಿನದ ಮೇಲೆ ತಿಳಿದುಕೊಳ್ಳುತ್ತಿದ್ದುದನ್ನು ಅವಳು ನಡೆಯುತ್ತಲೇ ಹೇಳಿಬಿಡುತ್ತಿದ್ದಳು. ಒಂದೆರಡು ಸಲ ಹೋಲಿಸಿ ನೋಡಿದೆ. ಅವಳ ಹಿಮ್ಮಡಿಗೂ ನನ್ನ ತಕ್ಕಡಿಗೂ ಅಂಥ ವ್ಯತ್ಯಾಸವೇನೂ ಇರಲಿಲ್ಲ.

ಯಾವುದನ್ನೂ ವ್ಯರ್ಥ ಮಾಡುವವಳಲ್ಲ, ಆದರೆ ಜಿಪುಣಿಯೂ ಅಲ್ಲ. ಊರಿನ ಹೆಂಗಸರೆಲ್ಲ ಎಮ್ಮೆಯ ಸಗಣಿಯನ್ನಷ್ಟೂ ಬೆರಣಿ ತಟ್ಟಿ ಉರಿಸಿದರೆ ಇವಳು ಅರ್ಧವನ್ನು ತಿಪ್ಪೆಗುಂಡಿಗೆ ಹಾಕುವಳು. ಅದಕ್ಕೆ ಸೊಸೆ ಗೊಣಗುತ್ತಿದ್ದಳು. ಒಲೆಗೆ ಸೌದೆ ಸಾಲುತ್ತಿರಲಿಲ್ಲ. ಇವಳು ತಾನೇ ಹೋಗಿ ತೊಗರಿಕಡ್ಡಿ, ಸಾಸಿವೆಯ ಕಡ್ಡಿ ಹೊತ್ತು ತಂದು ಸೊಸೆಯ ಮುಂದೆ ಹಾಕುತ್ತಿದ್ದಳು. “ಬೆಂಕಿಗೆ ಏನು ಹಾಕಿದರೂ ತಿನ್ನುತ್ತೆ. ಹೊಲ ಹಾಗಲ್ಲ” ಎನ್ನುವಳು. ಯೂರಿಯಾ ಸಿಕ್ಕಿದರೆ ಹಾಗೇ ಎರಚುತ್ತಿರಲಿಲ್ಲ. ಹಸಿ ಮಣ್ಣಿನಲ್ಲಿ ಕಲಸಿ, ಗೋಣಿ ಮುಚ್ಚಿ, ಒಂದು ದಿನ ಬಿಟ್ಟು ಆಮೇಲೆ ಹಾಕುತ್ತಿದ್ದಳು. ಯಾರು ಹೇಳಿಕೊಟ್ಟರು ಎಂದು ಕೇಳಿದೆ. “ಯಾರೂ ಇಲ್ಲ. ಬಿಸಿಲಿಗೆ ಇಟ್ಟರೆ ಮೂಗಿಗೆ ಹೊಡೆಯುತ್ತೆ. ಮೂಗಿಗೆ ಬಂದದ್ದು ಬೇರಿಗೆ ಹೋಗುತ್ತಾ?” ಅಂದಳು.

ಪಕ್ಕದವರ ಹೊಲದಲ್ಲಿ ಪಾತಿಗಳು ಉದ್ದಕ್ಕೆ, ಅಗಲಕ್ಕೆ ಬಿದ್ದಿದ್ದವು. ಇವಳು ಸಣ್ಣ ಸಣ್ಣ ಪಾತಿ ಮಾಡಿಸಿದ್ದಳು. ನೀರು ಬೇಗ ತುದಿ ಮುಟ್ಟಿ ಪಂಪು ಬೇಗ ನಿಲ್ಲುತ್ತಿತ್ತು. ಬದು ಕಟ್ಟುವ ಕೆಲಸ ಜಾಸ್ತಿ, ಆದರೆ ಅದಕ್ಕೆ ಡೀಸೆಲ್ ಬೇಡ, ತನ್ನ ಸೊಂಟ ಸಾಕು ಎನ್ನುತ್ತಿದ್ದಳು.

ನಾನು ಅನ್ನ ತಿನ್ನುವವನು ಎಂಬುದು ಅವಳಿಗೆ ಮುಗಿಯದ ತಮಾಷೆ. ದಕ್ಷಿಣದವರೆಲ್ಲ ಅಲ್ಲಿ ಮದ್ರಾಸಿಗಳೇ. ಒಂದು ಸಲ ಕರೋಲ್‌ಬಾಗಿನಲ್ಲಿ ಉಡುಪಿ ಕಡೆಯವರೊಬ್ಬರು ನಡೆಸುತ್ತಿದ್ದ ಹೋಟೆಲಿನಿಂದ ಇಡ್ಲಿ ಕಟ್ಟಿಸಿಕೊಂಡು ಹೋಗಿದ್ದೆ. ಮುರಿದು, ಮೂಸಿ, ಬಾಯಿಗಿಟ್ಟು, “ಇದು ಅಕ್ಕಿನಾ? ಎಷ್ಟು ನೀರು ಕುಡಿಯುತ್ತೆ ನಿಮ್ಮ ಭತ್ತ?” ಎಂದು ಕೇಳಿದಳು. ನಾಟಿಯಿಂದ ತೆನೆ ಬಲಿಯುವವರೆಗೆ ಗದ್ದೆಯಲ್ಲಿ ನೀರು ನಿಂತೇ ಇರುತ್ತದೆ ಎಂದೆ. ಅವಳು ನಂಬಲಿಲ್ಲ. ನಾನು ಕಣ್ಣಾರೆ ನೋಡಿದ್ದು, ನಮ್ಮಪ್ಪನ ಗದ್ದೆಯಲ್ಲೇ, ಎಂದಾಗ ನನ್ನನ್ನೇ ಸ್ವಲ್ಪ ಹೊತ್ತು ದಿಟ್ಟಿಸಿದಳು. “ಹಾಗಾದರೆ ಬೇಟಾ, ನಿನಗೆ ನೀರಿನ ವಿದ್ಯೆ ಕಲಿಯೋಕೆ ಯಾರು ಕಳಿಸಿದರು?” ಅಂದಳು. ನಾನೂ ನಕ್ಕೆ. ಆಗ ನಗುವುದಕ್ಕೆ ಅಡ್ಡಿಯಿರಲಿಲ್ಲ.

ಈಗ ಒಂದು ಕಾಗದದ ವಿಷಯಕ್ಕೆ ಬರುತ್ತೇನೆ.

ರೈತನ ಹೊಲದಲ್ಲಿ ಪ್ರಯೋಗ ಮಾಡುವ ಮುಂಚೆ ಒಂದು ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿಸಬೇಕಾಗಿತ್ತು. ನಮ್ಮ ಪ್ರಯೋಗದಲ್ಲಿ ಹೊಲವನ್ನು ಎರಡು ಭಾಗ ಮಾಡಬೇಕು. ಎರಡಕ್ಕೂ ಒಂದೇ ಬೀಜ, ಒಂದೇ ಗೊಬ್ಬರ, ಎರಡೇ ಸಲ ನೀರು. ಬಲಭಾಗಕ್ಕೆ ಮೊದಲ ನೀರು ಮೂರು ವಾರಕ್ಕೆ. ಎಡಭಾಗಕ್ಕೆ ಬೇಕೆಂದೇ ತಡಮಾಡಿ, ಆರು ವಾರ ಕಳೆದ ಮೇಲೆ. ಎಡಭಾಗ ಸೊರಗಲೇಬೇಕು; ಸೊರಗಿದರೇ ನಮ್ಮ ಮಾತು ರುಜುವಾತಾಗುವುದು. ಇದನ್ನು ಮುಚ್ಚಿಡಬಾರದೆಂದು ಗೈಡ್ ಕಟ್ಟುನಿಟ್ಟಾಗಿ ಹೇಳಿದ್ದರು. “ಒಂದು ಭಾಗಕ್ಕೆ ನೀರು ಬೇಕೆಂದೇ ತಡವಾಗಿ ಕೊಡುವುದರಿಂದ ಅಲ್ಲಿ ಬೆಳೆ ಕಡಿಮೆಯಾಗಬಹುದು” ಎಂಬ ಸಾಲು ಆ ಪತ್ರದಲ್ಲಿ ಸ್ಪಷ್ಟವಾಗಿ ಹಿಂದಿಯಲ್ಲಿತ್ತು. ಓದಿ ಹೇಳಿ, ಒಪ್ಪಿದರೆ ಮಾತ್ರ ಹೆಬ್ಬೆಟ್ಟು ಒತ್ತಿಸಿಕೊಳ್ಳಬೇಕು.

ಆ ಹಳ್ಳಿಯಲ್ಲಿ ನಾಲ್ಕು ಜನ ರೈತರಿಗೆ ಓದಿ ಹೇಳಿದೆ. ನಾಲ್ವರೂ ಆ ಸಾಲಿಗೆ ಬಂದ ಕೂಡಲೇ ಎದ್ದುಹೋದರು. ಒಬ್ಬನಂತೂ, “ಬಾಬೂಜಿ, ನಿಮ್ಮ ಒಂದು ಕೈಗೆ ಊಟ ಹಾಕಿ ಇನ್ನೊಂದು ಕೈಯನ್ನು ಉಪವಾಸ ಇಟ್ಟು ನೋಡಿ” ಎಂದು ಹುಕ್ಕಾ ಎಳೆಯುತ್ತಾ ಹೇಳಿದ. ಬಿತ್ತನೆಯ ಹೊತ್ತು ಮೀರುತ್ತಿತ್ತು. ಈ ವರ್ಷ ತಪ್ಪಿದರೆ ನನ್ನ ಪದವಿ ಇನ್ನೊಂದು ವರ್ಷಕ್ಕೆ ಹೋಗುತ್ತಿತ್ತು. ಐದನೆಯ ಮನೆ ಅವಳದು.

ಅವಳಿಗೆ ಓದು ಬರುತ್ತಿರಲಿಲ್ಲ. ಅಂಗಳದಲ್ಲಿ ಬೇವಿನ ಮರದ ಕೆಳಗೆ ಹಗ್ಗದ ಮಂಚದ ಮೇಲೆ ನನ್ನನ್ನು ಕೂರಿಸಿ, ತಾನು ನೆಲದ ಮೇಲೆ ಕೂತು, ಕೈಕಟ್ಟಿ ಕೇಳಿದಳು. ನಾನು ಓದುತ್ತಾ ಬಂದು ಆ ಸಾಲನ್ನು ಹಾರಿಸಿದೆ. ನಾಲಿಗೆ ತಡವರಿಸಲಿಲ್ಲ. ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ ಕಣ್ಣು ಜಾರಿದಷ್ಟು ಸಲೀಸಾಗಿ ಆಯಿತು.

“ಎರಡೂ ಕಡೆ ಅಷ್ಟೇ ನೀರಾ?” ಎಂದು ಕೇಳಿದಳು.

“ಅಷ್ಟೇ ನೀರು, ತಾಈ. ಎರಡೆರಡು ಸಲ.”

“ಹಾಗಾದರೆ ಎರಡು ಭಾಗ ಯಾಕೆ?”

“ಲೆಕ್ಕಕ್ಕೆ. ಒಂದೇ ಥರ ಬರುತ್ತಾ ಅಂತ ನೋಡೋಕೆ.”

ಇದ್ದದ್ದು ಅದೊಂದೇ ಹೊಲ. ಅದನ್ನಷ್ಟೂ ನನ್ನ ಪ್ರಯೋಗಕ್ಕೆ ಕೊಟ್ಟಳು. ಹೆಬ್ಬೆಟ್ಟಿಗೆ ಶಾಯಿ ಹತ್ತಿಸಿ ಒತ್ತಿದ ಮೇಲೆ, ಗುರುತು ಸರಿಯಾಗಿ ಮೂಡಿದೆಯೇ ಎಂದು ಬಗ್ಗಿ ನೋಡಿದಳು. ಮೂಡಿರಲಿಲ್ಲವೆಂದು ತಾನಾಗಿಯೇ ಇನ್ನೊಂದು ಸಲ ಒತ್ತಿದಳು.

ಬಿತ್ತನೆ ಚೆನ್ನಾಗಿ ಆಯಿತು. ಮೂರು ವಾರಕ್ಕೆ ಬಲಭಾಗಕ್ಕೆ ನೀರು ಕೊಟ್ಟೆವು. ಎಡಭಾಗಕ್ಕೆ ಆಮೇಲೆ ಕೊಡೋಣ ಎಂದೆ. ವಾರಕ್ಕೊಂದು ಸಲ ನಾನು ದೆಹಲಿಯಿಂದ ಬಸ್ಸಿನಲ್ಲಿ ಫರೀದಾಬಾದಿಗೆ ಬಂದು, ಅಲ್ಲಿ ಚಹಾ ಅಂಗಡಿಯಲ್ಲಿಟ್ಟಿದ್ದ ಸೈಕಲ್ ತೆಗೆದುಕೊಂಡು ಹಳ್ಳಿಗೆ ಹೋಗುತ್ತಿದ್ದೆ. ಡಿಸೆಂಬರಿನ ಚಳಿ. ಮಂಜು ಎಷ್ಟು ದಟ್ಟವಾಗಿರುತ್ತಿತ್ತೆಂದರೆ ಕಾರ್ಖಾನೆಗಳ ಚಿಮಣಿಗಳು ಕಾಣದೆ ಸೈರನ್ ಮಾತ್ರ ಕೇಳುತ್ತಿತ್ತು. ನಾನು ತಲುಪುವ ಹೊತ್ತಿಗೆ ಅವಳು ಬೆಲ್ಲ ಹಾಕಿದ ಚಹಾ ಕಾಸಿ ಕಾದಿರುತ್ತಿದ್ದಳು. ನನ್ನ ಕೈ ಹಿಡಿದು ನೋಡಿ, “ಮಂಜುಗಡ್ಡೆ!” ಎಂದು ಲೋಟವನ್ನು ಎರಡೂ ಅಂಗೈಗಳ ನಡುವೆ ಇಟ್ಟು ಒತ್ತುತ್ತಿದ್ದಳು. ಸಂಸ್ಥೆಯವರು ಬರುತ್ತಾರೆ, ಜೀಪಿನಲ್ಲಿ ಕೂತೇ ನೋಡುತ್ತಾರೆ, ಹೋಗುತ್ತಾರೆ. ಈ ಮದ್ರಾಸಿ ಮಾತ್ರ ಚಳಿಯಲ್ಲಿ ಸೈಕಲ್ ತುಳಿದು ಬರುತ್ತಾನೆ, ಬರಿಗಾಲಲ್ಲಿ ಹೊಲಕ್ಕಿಳಿಯುತ್ತಾನೆ ಎಂದು ಊರಿಗೆಲ್ಲ ಹೇಳಿಕೊಂಡಿದ್ದಳು. ಅವಳು ನನ್ನನ್ನು ನಂಬಿದ್ದು ನನ್ನ ಓದಿಗಲ್ಲ, ಆ ಸೈಕಲ್ಲಿಗೆ.

ಬಿತ್ತಿ ಒಂದು ತಿಂಗಳಾಗಿತ್ತು. ಆ ದಿನ ಅವಳು ಅಂಗಳದಲ್ಲಿ ಇರಲಿಲ್ಲ, ಹೊಲದಲ್ಲೇ ಇದ್ದಳು. ನನ್ನನ್ನು ಕಂಡವಳೇ ಅಂಗೈ ಚಾಚಿದಳು. ಅದರ ಮೇಲೆ ಎರಡು ಗೋಧಿ ಗಿಡಗಳು. ಬೇರಿನ ಮಣ್ಣನ್ನು ನೀರಿನಲ್ಲಿ ತೊಳೆದು ಇಟ್ಟುಕೊಂಡಿದ್ದಳು. ಒಂದರ ಬುಡದಲ್ಲಿ ಬಿಳೀ ಮೀಸೆಯ ಹಾಗೆ ಬೇರು ದಟ್ಟವಾಗಿ ಹರಡಿತ್ತು, ಪಕ್ಕದಿಂದ ಮರಿಕಾಂಡದ ತೆಂಡೆ ಒಡೆದಿತ್ತು. ಇನ್ನೊಂದಕ್ಕೆ ನಾಲ್ಕು ಎಳೆ ಬೇರು, ಒಂಟಿ ಕಾಂಡ.

“ಇದು ಬಲಗಡೆಯದು, ಇದು ಎಡಗಡೆಯದು. ಬೇರು ಬಿಡೋ ಹೊತ್ತಿಗೆ ಇದಕ್ಕೆ ನೀರು ಸಿಕ್ಕಿಲ್ಲ. ಅದಕ್ಕೇ ಹೀಗಾಗಿದೆ. ಹೌದೋ ಅಲ್ವೋ?”

ನನ್ನ ಗೈಡ್ ವರ್ಷಗಟ್ಟಲೆ ದುಡಿದು ಕಂಡುಕೊಂಡದ್ದು ಅವಳ ಅಂಗೈ ಮೇಲೆ ಇತ್ತು. “ನೋಡ್ತೀನಿ ತಾಈ” ಎಂದು ಆ ಗಿಡಗಳನ್ನು ಇಸಿದುಕೊಂಡು ಒದ್ದೆ ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ.

“ಡಬ್ಬದಲ್ಲಿ ಡೀಸೆಲ್ ಇದೆ. ಎಡಗಡೆಗೆ ಈಗಲೇ ನೀರು ಬಿಡಲಾ?”

“ಬೇಡ ತಾಈ. ಇನ್ನೂ ಎರಡು ವಾರ. ಈಗ ಬಿಟ್ಟರೆ ಲೆಕ್ಕ ಕೆಡುತ್ತೆ.”

ಅವಳು ಬದುವಿನ ಮೇಲೆ ಕೂತಳು. ಆವರೆಗೆ ಹೇಳದಿದ್ದ ಒಂದು ವಿಷಯವನ್ನು ಆಗ ಹೇಳಿದಳು. ಅವಳ ಒಬ್ಬನೇ ಮಗ ಫರೀದಾಬಾದಿನ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ. ಹಿಂದಿನ ವರ್ಷ ಡೀಸೆಲ್ ಸಿಗದೆ ಅರ್ಧ ಬೆಳೆ ಒಣಗಿದಾಗಿನಿಂದ ಹೊಲ ಮಾರೋಣ ಎನ್ನುತ್ತಿದ್ದ. ಶೆಡ್ ಕಟ್ಟಲು ಜಾಗ ಹುಡುಕುತ್ತಿದ್ದವನೊಬ್ಬ ಎರಡು ಸಲ ಬಂದು ಹೋಗಿದ್ದ. ಹೊಲ ಮಗನ ಹೆಸರಿನಲ್ಲಿತ್ತು. ಎರಡೇ ನೀರಿನಲ್ಲಿ ಬೆಳೆ ತೆಗೆಯಬಹುದು ಎಂದು ನಾನು ಹೇಳಿದ್ದನ್ನು ಅವಳು ಮಗನಿಗೆ ಹೇಳಿದ್ದಳು. ತಾಯಿ ಮಗ ಒಂದು ಮಾತಿಗೆ ಬಂದಿದ್ದರು.

“ಇಡೀ ಹೊಲ ಚೆನ್ನಾಗಿ ಬಂದರೆ ನಾನು ಇರೋವರೆಗೂ ಮಾರೋ ಮಾತು ಎತ್ತಲ್ಲ ಅಂದಿದ್ದಾನೆ. ಬರದೇ ಹೋದರೆ ನಾನು ಬೇಡ ಅನ್ನೋ ಹಾಗಿಲ್ಲ.” ಎದ್ದು ನಿಂತು ಕೈಯ ಮಣ್ಣು ಕೊಡವಿದಳು. “ಅದಕ್ಕೇ ಕೇಳಿದೆ. ಎರಡು ವಾರ ಅಂದೆಯಲ್ಲ? ಅಚ್ಛಾ. ನೀನು ಹೇಳಿದ ಮೇಲೆ ಸರಿ.”

ಆಗ ಹೇಳಿದ್ದರೂ ಸಾಕಾಗಿತ್ತು. ನೀರು ಬಿಟ್ಟಿದ್ದರೆ ಪೂರ್ತಿ ಅಲ್ಲದಿದ್ದರೂ ಮುಕ್ಕಾಲು ಪಾಲು ಚೇತರಿಸಿಕೊಳ್ಳುತ್ತಿತ್ತು. ನೀರು ಬಿಡದೆ ನಿಜವನ್ನಾದರೂ ಹೇಳಿದ್ದರೆ, ಎಡಭಾಗ ಸೋಲುವುದು ಮೊದಲೇ ಗೊತ್ತಿದ್ದ ಸೋಲು ಎಂದು ಮಗನಿಗೆ ತಿಳಿಯುತ್ತಿತ್ತು. ನಾನು ಎರಡನ್ನೂ ಮಾಡದೆ ಚಹಾ ಕುಡಿದು ಸೈಕಲ್ ಹತ್ತಿದೆ.

ಹಾಸ್ಟೆಲಿನಲ್ಲಿ ನನ್ನ ಪಕ್ಕದ ಕೋಣೆಯಲ್ಲಿ ಕುಂದಾಪುರದ ಕಡೆಯ ಗೆಳೆಯನೊಬ್ಬನಿದ್ದ, ಸಂಖ್ಯಾಶಾಸ್ತ್ರದವನು. ಭಾನುವಾರ ಇಬ್ಬರೂ ಕರೋಲ್‌ಬಾಗಿನ ಆ ಹೋಟೆಲಿಗೆ ಊಟಕ್ಕೆ ಹೋಗುತ್ತಿದ್ದೆವು. ಅನ್ನ ಸಾರಿನ ನಡುವೆ ಅವನಿಗೆ ಎಲ್ಲ ಹೇಳಿದೆ. ಅವನು ಊಟ ನಿಲ್ಲಿಸಿದ.

“ನಾಳೆ ಬೆಳಿಗ್ಗೆ ಹೋಗು ಮಾರಾಯ. ನೀರು ಬಿಡಿಸು.”

“ಪ್ರಯೋಗ ಹಾಳಾಗುತ್ತಲ್ಲೋ.”

“ಆಗಲಿ. ಗೈಡ್ ಹತ್ರ ಹೇಳು, ಆ ಸಾಲು ಓದ್ಲಿಲ್ಲ ಅಂತ. ಬೈತಾರೆ. ಒಂದು ವರ್ಷ ಹೋಗುತ್ತೆ. ಅಷ್ಟೇ ಅಲ್ವಾ?”

“ನಿನಗೆ ಹೇಳೋದು ಸುಲಭ.”

“ಸುಲಭ ಅಂತ ನಾನೆಲ್ಲಿ ಹೇಳಿದೆ?” ಎಂದು ಅವನು ಮತ್ತೆ ತಟ್ಟೆಗೆ ಬಗ್ಗಿದ. ಆಮೇಲೆ ಆ ವಿಷಯ ನನ್ನೊಡನೆ ಎತ್ತಲಿಲ್ಲ. ಭಾನುವಾರದ ಊಟಕ್ಕೆ ಬೇರೆಯವರ ಜೊತೆ ಹೋಗತೊಡಗಿದ.

ಮರುದಿನ ನಾನು ಹೊರಟದ್ದು ನಿಜ. ಫರೀದಾಬಾದಿನವರೆಗೆ ಹೋದೆ. ಬಸ್ ನಿಲ್ದಾಣದಲ್ಲಿ ಇಳಿದು ಚಹಾ ಅಂಗಡಿಗೆ ಹೋದೆ. ಅಂಗಡಿಯವನು ಸೈಕಲ್ ತೆಗೆದು ಧೂಳು ಒರೆಸಿ ಮುಂದೆ ನಿಲ್ಲಿಸಿದ. ಒಂದು ಚಹಾ ಕುಡಿದೆ, ಇನ್ನೊಂದು ಕುಡಿದೆ. “ಭಯ್ಯಾ, ಸೈಕಲ್ ಒಳಗಿಡು. ಮೈ ಸರಿಯಿಲ್ಲ” ಎಂದು ಹೇಳಿ ದೆಹಲಿಯ ಬಸ್ ಹತ್ತಿದೆ. ದಾರಿಯುದ್ದಕ್ಕೂ ನನಗೆ ನಾನೇ ಸಮಾಧಾನ ಹೇಳಿಕೊಂಡೆ: ಈ ಪ್ರಯೋಗದಿಂದ ಸಾವಿರಾರು ರೈತರಿಗೆ ಉಪಕಾರವಾಗುತ್ತದೆ, ಒಂದು ಹೊಲದ ಅರ್ಧ ಭಾಗ ದೊಡ್ಡದಲ್ಲ. ಅದು ಸುಳ್ಳಾಗಿರಲಿಲ್ಲ ಎನ್ನುವುದೇ ನನ್ನ ಕಷ್ಟ. ಮುಂದೆ ಆ ಪದ್ಧತಿ ಹಿಡಿದ ಊರುಗಳಲ್ಲಿ ನೀರು, ಡೀಸೆಲ್ ಉಳಿದವು. ಬೆಳೆಯೂ ಬಂತು. ಆದರೆ ಆ ಸಾಲನ್ನು ಓದಿ ಹೇಳಿ, ಇನ್ನೊಂದು ವರ್ಷ ಕಾದು ಒಪ್ಪುವವರನ್ನು ಹುಡುಕಿದ್ದರೂ ಅದೆಲ್ಲ ಆಗುತ್ತಿತ್ತು.

ಫೆಬ್ರವರಿಯ ಹೊತ್ತಿಗೆ ಹೊಲವನ್ನು ದೂರದಿಂದ ನೋಡಿದರೂ ತಿಳಿಯುತ್ತಿತ್ತು. ಬಲಭಾಗ ಎದೆ ಉಬ್ಬಿಸಿ ನಿಂತಂತೆ ದಟ್ಟ. ಎಡಭಾಗದಲ್ಲಿ ಸಾಲಿನ ನಡುವೆ ಮಣ್ಣು ಕಾಣುತ್ತಿತ್ತು. ಗೈಡ್ ಬಂದು ನೋಡಿ ಸಂತೋಷಪಟ್ಟರು. ಫೋಟೋಗ್ರಾಫರ್ ಏಣಿಯ ಮೇಲೆ ನಿಂತು ಎರಡೂ ಭಾಗ ಒಟ್ಟಿಗೆ ಬರುವಂತೆ ಚಿತ್ರ ತೆಗೆದ. “ಮಾತಾಜಿ, ನೀವೂ ನಿಲ್ಲಿ” ಎಂದ. ಅವಳು ಓಢಣಿ ಸರಿಮಾಡಿಕೊಂಡು ಹೋಗಿ ಎಡಭಾಗದ ಮುಂದೆ ನಿಂತಳು. ಈ ಕಡೆ ಬನ್ನಿ ಎಂದು ಅವನು ಬಲಭಾಗ ತೋರಿಸಿದರೂ ಬರಲಿಲ್ಲ. ಗೈಡ್ ನನ್ನನ್ನು ಪಕ್ಕಕ್ಕೆ ಕರೆದು, “ಇವರಿಗೆ ಎಲ್ಲ ವಿವರಿಸಿ ಹೇಳಿದ್ದೀಯ ತಾನೆ?” ಎಂದು ಕೇಳಿದರು.

“ಹೇಳಿದ್ದೀನಿ ಸರ್.”

ಒಕ್ಕಣೆಯ ದಿನ ಮಗ ರಜೆ ಹಾಕಿ ಬಂದಿದ್ದ. ಅವನನ್ನು ನಾನು ನೋಡಿದ್ದು ಅದೇ ಮೊದಲು. ನನ್ನ ವಯಸ್ಸಿನವನೇ, ಗಟ್ಟಿ ಆಳು, ಮಾತು ಕಡಿಮೆ. ಎರಡು ಭಾಗದ ಗೋಧಿಯನ್ನು ಬೇರೆ ಬೇರೆ ರಾಶಿ ಹಾಕಿದ್ದೆವು. ಎಡಗಡೆಯ ರಾಶಿ ಬಲಗಡೆಯದರ ಅರ್ಧಕ್ಕೂ ಬರಲಿಲ್ಲ. ಪಕ್ಕದ ಹೊಲದವರು ನಾಲ್ಕೈದು ಮಂದಿ ನಿಂತಿದ್ದರು. ಮಗ ಎರಡೂ ರಾಶಿಗಳನ್ನು ಸುತ್ತು ಹಾಕಿ ಬಂದು ನನ್ನ ಮುಂದೆ ನಿಂತ.

“ಬಾಬೂಜಿ, ಒಂದೇ ಬೀಜ?”

“ಒಂದೇ.”

“ಗೊಬ್ಬರ?”

“ಒಂದೇ.”

“ನೀರೂ ಎರಡೆರಡೇ ಅಂತೆ. ಮತ್ತೆ ಆ ಕಡೆಗೆ ಏನಾಯಿತು?”

ಅವಳು ಮೊರ ಹಿಡಿದು ಹೊಟ್ಟು ತೂರುತ್ತಿದ್ದಳು. ಕೈ ನಿಂತಿತು. ನನ್ನ ಕಡೆ ನೋಡಿದಳು. ಆ ನೋಟದಲ್ಲಿ ಕೋಪವಾಗಲಿ ಬೇಡಿಕೆಯಾಗಲಿ ಇರಲಿಲ್ಲ. ನಾನು ಏನು ಹೇಳುತ್ತೇನೆಂದು ಕಾಯುತ್ತಿದ್ದಳು, ಅಷ್ಟೇ.

“ಎಡಗಡೆ ಮಣ್ಣು ಸ್ವಲ್ಪ ಬಡವಾಗಿರಬೇಕು” ಎಂದೆ.

ಮೂವತ್ತು ವರ್ಷ ಅವಳು ಬೆರಣಿ ತಟ್ಟದೆ ಉಳಿಸಿದ ಸಗಣಿ ತಿಂದ ಮಣ್ಣು ಅದು.

ಮಗ ತಲೆಯಾಡಿಸಿದ, ತಾನೂ ಹಾಗೇ ಅಂದುಕೊಂಡಿದ್ದೆ ಎನ್ನುವ ಹಾಗೆ. ಅವಳು ಮೊರವನ್ನು ಕೆಳಗಿಟ್ಟಳು.

“ಮಣ್ಣಿಗೆ ಬೈಬೇಡ ಬೇಟಾ” ಎಂದಳು.

ಅಷ್ಟೇ. ಆಮೇಲೆ ಒಳಗೆ ಹೋಗಿ ನನಗೆ ಒಂದು ಲೋಟ ಮಜ್ಜಿಗೆ ತಂದುಕೊಟ್ಟಳು. ಎಂದಿನಂತೆ ಮೇಲೆ ಒಂದಿಷ್ಟು ಬೆಣ್ಣೆ ಬಿಟ್ಟಿದ್ದಳು. ನಾನು ಅದನ್ನೂ ಕುಡಿದೆ.

ಆ ಬೇಸಿಗೆಯಲ್ಲೇ ಹೊಲ ಮಾರಿದರು. ನನಗೆ ಪದವಿ ಬಂತು. ನನ್ನ ಪ್ರಬಂಧದ ಮೂರನೆಯ ಅಧ್ಯಾಯದಲ್ಲಿ ಎರಡು ಗೋಧಿ ಗಿಡಗಳ ಬೇರಿನ ಚಿತ್ರವಿದೆ. ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ಅದನ್ನೇ ಎತ್ತಿ ತೋರಿಸಿ, ಸರಿಯಾದ ದಿನಕ್ಕೆ ಸರಿಯಾಗಿ ಅಗೆದು ನೋಡಿದ್ದೀರಿ ಎಂದು ಮೆಚ್ಚಿದರು. ಥ್ಯಾಂಕ್ಯೂ ಸರ್ ಎಂದೆ.

ಅದೇ ಸಂಸ್ಥೆಯಲ್ಲಿ ಕೆಲಸವೂ ಸಿಕ್ಕಿತು. ಆ ಕಡೆ ಹೋಗುವ ಕೆಲಸ ಬಂದಾಗಲೆಲ್ಲ ಬೇರೆಯವರಿಗೆ ದಾಟಿಸುತ್ತಿದ್ದೆ. ಎರಡು ವರ್ಷ ಕಳೆದ ಮೇಲೆ, ಯಾಕೆ ಆ ದಿನವೇ ಎಂದು ಹೇಳಲಾರೆ, ಒಂದು ಮಧ್ಯಾಹ್ನ ವಿಳಾಸ ಕೇಳಿಕೊಂಡು ಫರೀದಾಬಾದಿಗೆ, ಅವಳೀಗ ಇದ್ದ ಮಗನ ಮನೆಗೆ ಹೋದೆ. ಕಾರ್ಖಾನೆಯ ಹಿಂದಿನ ಸಾಲುಮನೆಗಳಲ್ಲಿ ಒಂದು ಕೋಣೆ, ಮುಂದೆ ಚಾಪೆ ಹಾಸುವಷ್ಟು ಜಾಗ. ಆ ಜಾಗದಲ್ಲಿ ಒಡೆದ ಡ್ರಮ್ಮು, ಎಣ್ಣೆ ಡಬ್ಬಗಳಲ್ಲಿ ಮೆಂತ್ಯ, ಮೆಣಸಿನ ಗಿಡ ಬೆಳೆಸಿದ್ದಳು. ಪಾತ್ರೆ ತೊಳೆದ ನೀರು ಒಂದು ಡಬ್ಬದಿಂದ ಇನ್ನೊಂದಕ್ಕೆ ಸೋರುವ ಹಾಗೆ ತೂತು ಮಾಡಿ ಜೋಡಿಸಿದ್ದಳು. ಒಂದು ತಂಬಿಗೆ ನೀರಿಗೆ ಆರು ಡಬ್ಬ ನೆನೆಯುತ್ತಿದ್ದವು. ಅವಳ ಬೆನ್ನು ಬಾಗಿತ್ತು. “ಮದ್ರಾಸಿ!” ಎಂದು ಗುರುತು ಹಿಡಿದು ಕೂರಿಸಿದಳು.

ಕೂತ ಕೂಡಲೇ ಹೇಳಿಬಿಟ್ಟೆ. ಇಲ್ಲದಿದ್ದರೆ ಹೇಳಲಾಗುತ್ತಿರಲಿಲ್ಲ. ಹಾರಿಸಿದ ಸಾಲು, ತಡಮಾಡಿದ ನೀರು, ಮಣ್ಣಿನ ಮೇಲೆ ಹಾಕಿದ ಅಪವಾದ, ಎಲ್ಲ. ಅವಳು ಮೆಂತ್ಯದ ಸೊಪ್ಪು ಬಿಡಿಸುತ್ತಾ ಕೇಳಿದಳು. ಮುಗಿದ ಮೇಲೆ, “ಇದನ್ನ ನನಗೆ ಯಾಕೆ ಹೇಳ್ತೀಯಾ?” ಎಂದಳು. “ಮಗ ಐದು ಗಂಟೆಗೆ ಶಿಫ್ಟು ಮುಗಿಸಿ ಬರ್ತಾನೆ. ಅವನಿಗೆ ಹೇಳು.”

ಆಗ ಮೂರೂವರೆ. ಕಾಯುತ್ತೇನೆ ಎಂದೆ. ಅವಳು ಚಹಾ ಮಾಡಿದಳು. ಅಕ್ಕಪಕ್ಕದ ಮಾತಾಡಿದಳು. ಈ ಊರಿನಲ್ಲಿ ಮೆಂತ್ಯಕ್ಕೆ ಹೊಗೆ ಹಿಡಿದು ಎಲೆ ಕಪ್ಪಾಗುತ್ತದೆ, ತೊಳೆಯಬೇಕು ಎಂದಳು. ಅವನು ಬಂದು ನನ್ನ ಮುಂದೆ ನಿಲ್ಲುವುದನ್ನು, ಕೇಳುವುದನ್ನು, ಆ ಗಟ್ಟಿ ಕೈಗಳನ್ನು ನಾನು ನೆನೆಯುತ್ತಾ ಕೂತೆ. ನಾಲ್ಕೂ ಮುಕ್ಕಾಲಿಗೆ ಎದ್ದೆ.

“ತಾಈ, ಬಸ್ಸಿಗೆ ಹೊತ್ತಾಯಿತು. ಇನ್ನೊಂದು ದಿನ ಬರ್ತೀನಿ.”

ದೆಹಲಿಗೆ ಆಮೇ​ಲೂ ಬೇಕಾದಷ್ಟು ಬಸ್ಸುಗಳಿದ್ದವು. ಅದು ನನಗೂ ಗೊತ್ತು, ಅವಳಿಗೂ ಗೊತ್ತು. “ಹೋಗು” ಎಂದಳು. ತಡೆಯಲಿಲ್ಲ. ಬಿಡಿಸಿದ ಸೊಪ್ಪನ್ನು ಕಾಗದದಲ್ಲಿ ಸುತ್ತಿ ಕೈಗೆ ಕೊಟ್ಟಳು. ಬೀದಿಯ ತಿರುವಿನಲ್ಲಿ ಕೆಲಸ ಮುಗಿಸಿದವರ ಸೈಕಲ್ಲುಗಳು ಎದುರು ಬರತೊಡಗಿದವು. ತಲೆ ತಗ್ಗಿಸಿ ಬೇಗ ಬೇಗ ನಡೆದೆ.

ಇನ್ನೊಂದು ದಿನ ನಾನು ಹೋಗಲಿಲ್ಲ. ಮುಂದಿನ ಚಳಿಗಾಲದಲ್ಲಿ ನಮ್ಮಲ್ಲಿ ನಡೆದ ಕೃಷಿಮೇಳಕ್ಕೆ ಬಂದಿದ್ದ ಆ ಹಳ್ಳಿಯ ರೈತನೊಬ್ಬ, ತಾಈ ಹೋಗಿ ಹತ್ತು ದಿನವಾಯಿತು ಎಂದ. ನ್ಯುಮೋನಿಯಾ ಆಗಿತ್ತಂತೆ.

ಆ ವಾರವೇ ಹೋದೆ. ಈ ಸಲ ಶಿಫ್ಟಿನ ಹೊತ್ತು ಕೇಳಿಕೊಂಡು, ಮಗ ಮನೆಯಲ್ಲಿರುವಾಗಲೇ ಹೋದೆ. ತಲೆ ಬೋಳಿಸಿದ್ದ, ಕೂದಲು ಆಗತಾನೆ ಚಿಗುರುತ್ತಿತ್ತು. ಹೊರಗೆ ಹಗ್ಗದ ಮಂಚದ ಮೇಲೆ ಕೂತಿದ್ದ. ನಾನು ಕೂರದೆ ನಿಂತುಕೊಂಡೇ ಹೇಳಿದೆ. ಎಲ್ಲವನ್ನೂ, ಒಂದನ್ನೂ ಬಿಡದೆ. ಅವನು ಹೊಡೆದರೆ ಹೊಡೆಸಿಕೊಳ್ಳಬೇಕೆಂದು ನಿರ್ಧರಿಸಿಯೇ ಬಂದಿದ್ದೆ.

ಅವನು ಹೊಡೆಯಲಿಲ್ಲ. ನೆಲ ನೋಡುತ್ತಲೇ ಮಾತಾಡಿದ.

“ಒಕ್ಕಣೆಯ ದಿನ ಸಂಜೆಯೇ ಅಮ್ಮ ಹೇಳಿದ್ದಳು” ಎಂದ. “ಮದ್ರಾಸಿ ಬೇಕಂತಲೇ ನೀರು ತಡ ಮಾಡಿಸಿದ್ದಾನೆ, ನಮ್ಮ ಮಣ್ಣಿನದೇನೂ ತಪ್ಪಿಲ್ಲ, ಇನ್ನೊಂದು ವರ್ಷ ಕೊಡು, ಇಡೀ ಹೊಲ ಬಲಗಡೆಯ ಹಾಗೇ ಬೆಳೆದು ತೋರಿಸ್ತೀನಿ ಅಂದಳು. ನಾನು ನಂಬಲಿಲ್ಲ. ಅಷ್ಟು ಓದಿದವನು, ಚಳಿಯಲ್ಲಿ ಸೈಕಲ್ ತುಳಿದುಕೊಂಡು ಬಂದವನು, ನಿನ್ನ ಮುಂದೆ ನಿಂತು ಸುಳ್ಳು ಯಾಕೆ ಹೇಳ್ತಾನೆ? ಹೊಲ ಬಿಡೋಕೆ ಮನಸ್ಸಿಲ್ಲದೆ ನೀನೇ ಸುಳ್ಳು ಕಟ್ತಿದ್ದೀಯ ಅಂತ ಊರವರ ಮುಂದೆ ಅಂದುಬಿಟ್ಟೆ. ಅವಳು ಮತ್ತೆ ಆ ಮಾತು ಎತ್ತಲಿಲ್ಲ. ಇಲ್ಲಿ ಬಂದ ಮೇಲೂ ಎತ್ತಲಿಲ್ಲ.”

ಒಳಗೆ ಅವನ ಹೆಂಡತಿ ಪಾತ್ರೆ ತೊಳೆಯುತ್ತಿದ್ದ ಸದ್ದು ನಿಂತಿತು. ಅವನು ತಲೆಯೆತ್ತಿ ನನ್ನನ್ನು ನೋಡಿದ.

“ನೀವು ನನ್ನ ಹತ್ತಿರ ಬಂದು ಹೇಳಿದಿರಿ, ಬಾಬೂಜಿ. ನಾನು ಯಾರ ಹತ್ತಿರ ಹೋಗಿ ಹೇಳಲಿ?”